ಒಂದು ಲೀಟರಿಗೆ ಎಷ್ಟು ದೂರ?

ಗೌರಮ್ಮನ ಊರು ರಾಮನಗರದ ಹತ್ತಿರ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾಳೆ. ಮಗ ರಾಜು ಬೇರೆಯವರ ಕಾರು ಓಡಿಸುತ್ತಾನೆ. ಈಗ ಸ್ವಂತ ಕಾರು ಕೊಳ್ಳುವ ಆಸೆ. ಸಾಲಕ್ಕೆ ಗೌರಮ್ಮನ ಹೆಸರಿನ ಜಮೀನೇ ಆಧಾರ. ಅವಳ ಸಹಿ ಬೇಕು.

"ಅವ್ವಾ, ಹೈಬ್ರಿಡ್ ಕಾರು ತಗೊಳ್ಳೋಣ. ಲೀಟರಿಗೆ 28 ಕಿಲೋಮೀಟರ್ ಅಂತೆ. ಅದೇ ಥರದ ಪೆಟ್ರೋಲ್ ಕಾರು 21 ಅಷ್ಟೆ. 2022ರಿಂದ ನಮ್ಮ ಬಿಡದಿಯಲ್ಲೇ ಮಾಡ್ತಾರೆ."

"ರೇಟು?"

"ಮೂರು ಲಕ್ಷ ಜಾಸ್ತಿ."

"ತಾಳು. ನಾಳೆ ಹೇಳ್ತೀನಿ" ಎಂದಳು ಗೌರಮ್ಮ.

ಸಂಜೆ ಕಲಿಕಾ ಕೇಂದ್ರಕ್ಕೆ ಹೋದಳು. "ಏನಮ್ಮ ಶಾರದಾ, ಹೈಬ್ರಿಡ್ ಅಂದ್ರೆ ಏನು?"

ಪ್ರೇರಕಿ ಶಾರದಾ ಹೇಳಿದಳು: "ಗೌರಕ್ಕಾ, ಸೈಕಲ್ಲಿನ ಡೈನಮೋ ನೋಡಿದ್ದೀರಲ್ಲ? ಚಕ್ರ ತಿರುಗಿದರೆ ದೀಪ ಉರೀತದೆ. ಇದೂ ಹಾಗೇ. ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಇದೆ. ಕರೆಂಟ್ ಮೋಟಾರೂ ಇದೆ. ಬ್ರೇಕ್ ಒತ್ತಿದಾಗ ಮೋಟಾರು ಡೈನಮೋ ಆಗ್ತದೆ. ಬ್ಯಾಟರಿಗೆ ಕರೆಂಟ್ ತುಂಬ್ತದೆ. ಬರೀ ಪೆಟ್ರೋಲ್ ಕಾರಿನಲ್ಲಿ ಆ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಹೋಗ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಹೈಬ್ರಿಡ್ ಎಂಜಿನ್ ತಾನೇ ನಿಲ್ತದೆ. ಮೆಲ್ಲಗೆ ಹೋಗುವಾಗ ಬ್ಯಾಟರಿ ಎಳೀತದೆ."

"ಹಂಗಾದ್ರೆ ಹೈವೇಲಿ?"

"ಅಲ್ಲಿ ಬ್ರೇಕ್ ಕಡಿಮೆ. ಲಾಭವೂ ಕಡಿಮೆ."

ಒಳ್ಳೆಯ ಪ್ರಶ್ನೆ ಕೇಳಿದಳು ಗೌರಮ್ಮ. ಕಂಪನಿ ಹೇಳುವ 28, 21 ಪರೀಕ್ಷೆಯ ಕೋಣೆಯ ಲೆಕ್ಕ. ಅಲ್ಲಿ ಕಾರು ಉರುಳೆಗಳ ಮೇಲೆ ಓಡುತ್ತದೆ. ನಮ್ಮ ಹಳ್ಳ, ಹಂಪು, ಜಾಮ್ ಅಲ್ಲಿ ಇಲ್ಲ. ನಿಜವಾದ ಲೆಕ್ಕ ಬೇಕಾದರೆ ಟ್ಯಾಂಕ್ ಪೂರ್ತಿ ತುಂಬಿಸಿ ಮೀಟರ್ ಬರೆದುಕೊಳ್ಳಬೇಕು. ಓಡಿಸಿ, ಮತ್ತೆ ಪೂರ್ತಿ ತುಂಬಿಸಬೇಕು. ಓಡಿದ ದೂರವನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಬೇಕು.

ರಾಜು ಹಾಗೇ ಮಾಡಿದ. ಅವನು ಓಡಿಸುವ ಪೆಟ್ರೋಲ್ ಕಾರು 480 ಕಿಲೋಮೀಟರ್ ಓಡಿತು. 32 ಲೀಟರ್ ಹಿಡಿಯಿತು. ಲೀಟರಿಗೆ 15. ಸ್ಟ್ಯಾಂಡಿನ ಗೆಳೆಯನ ಹೈಬ್ರಿಡ್ ಕಾರು ಅದೇ ದಾರಿಯಲ್ಲಿ 460 ಕಿಲೋಮೀಟರ್ ಓಡಿತು. 23 ಲೀಟರ್ ಹಿಡಿಯಿತು. ಲೀಟರಿಗೆ 20.

ಗೌರಮ್ಮ ಸ್ಲೇಟು ಹಿಡಿದಳು. ತಿಂಗಳಿಗೆ 3,000 ಕಿಲೋಮೀಟರ್. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಂಡಳು.

ಪೆಟ್ರೋಲ್ ಕಾರು: 200 ಲೀಟರ್, 20,000 ರೂಪಾಯಿ.
ಹೈಬ್ರಿಡ್ ಕಾರು: 150 ಲೀಟರ್, 15,000 ರೂಪಾಯಿ.
ಉಳಿತಾಯ: 5,000 ರೂಪಾಯಿ.

"ಮೂರು ಲಕ್ಷ ವಾಪಸ್ ಬರೋಕೆ 60 ತಿಂಗಳು. ಐದು ವರ್ಷ! ಬಡ್ಡಿ ಬೇರೆ. ಬ್ಯಾಟರಿ ಗ್ಯಾರಂಟಿ ಎಷ್ಟೋ?"

"ಎಂಟು ವರ್ಷ. ಇಲ್ಲಾಂದ್ರೆ 1,60,000 ಕಿಲೋಮೀಟರ್. ಯಾವುದು ಮೊದಲು ಬರ್ತದೋ ಅಲ್ಲೀವರೆಗೆ."

"ಐದು ವರ್ಷಕ್ಕೆ ನೀನು 1,80,000 ಓಡಿಸಿರ್ತೀಯ. ದುಡ್ಡು ಹುಟ್ಟೋ ಮೊದಲೇ ಗ್ಯಾರಂಟಿ ಮುಗೀತದಲ್ಲೋ!"

ರಾಜು ಸ್ಲೇಟು ನೋಡಿದ. ಎರಡು ಸಲ ಕೂಡಿ ನೋಡಿದ. ತಪ್ಪು ಸಿಗಲಿಲ್ಲ.

ಗೌರಮ್ಮ ಪೆಟ್ರೋಲ್ ಕಾರಿನ ಸಾಲದ ಕಾಗದ ತರಿಸಿದಳು. ಪೂರ್ತಿ ಓದಿದಳು. ಆಮೇಲೆ ಸಹಿ ಹಾಕಿದಳು.

ನೀವೂ ಲೆಕ್ಕ ಮಾಡಿ:

ರಾಜುವಿನ ಗೆಳೆಯ ಬೆಂಗಳೂರಿನ ಜಾಮಿನಲ್ಲೇ ದಿನವೂ ಓಡಿಸುತ್ತಾನೆ ಎನ್ನೋಣ. ಅಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12, ಹೈಬ್ರಿಡ್ 20 ಕೊಡುತ್ತದೆ. ಅವನದೂ ತಿಂಗಳಿಗೆ 3,000 ಕಿಲೋಮೀಟರ್. ಮೂರು ಲಕ್ಷ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ? ಅವನು ಯಾವ ಕಾರು ಕೊಳ್ಳಬೇಕು?