ಮನೆಗೆ ಬಂದ ಹುಡುಗಿಗೂ ಒಂದು ಕೆಲಸ ಕೊಡಮ್ಮ

ನೋಡಮ್ಮ, ಆಗಸ್ಟ್‌ನಲ್ಲಿ ಜರ್ಮನಿಯಿಂದ 16 ವರ್ಷದ ಹುಡುಗಿಯೊಬ್ಬಳು ನಿಮ್ಮ ಮನೆಗೆ ಬರುತ್ತಾಳೆ, ಕ್ರಿಸ್‌ಮಸ್ ಕಳೆಯುವವರೆಗೆ ಇರುತ್ತಾಳೆ ಎಂದು ನನ್ನ ತಮ್ಮ ಫೋನಿನಲ್ಲಿ ಹೇಳಿದ. ಅವನ ದನಿಯಲ್ಲಿ ಮದುವೆ ಮನೆಯ ಸಡಗರ. ಮಹಡಿ ಕೋಣೆಗೆ ಬಣ್ಣ, ಹೊಸ ಮಂಚ, ಎಸಿ ಹಾಕಿಸುವ ಮಾತೂ ನಡೆದಿದೆಯಂತೆ. ಎಸಿ ಬೇಡ. ಮೈಸೂರಿನ ಆಗಸ್ಟ್‌ಗೆ ಫ್ಯಾನೇ ಹೆಚ್ಚು. ಆ ದುಡ್ಡಿನಲ್ಲಿ ಕೋಣೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಕಿಟಕಿಗೆ ಸೊಳ್ಳೆ ಜಾಲರಿ, ಬಚ್ಚಲಿಗೆ ಮುಚ್ಚಳವಿರುವ ಒಂದು ಕಸದ ಬುಟ್ಟಿ ತಂದಿಡು.

ರೋಟರಿಯ ಯುವ ವಿನಿಮಯದಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಂಡ ಅನುಭವ ನಮ್ಮ ಮನೆಗೂ ಇದೆ. ಆ ಸಲಿಗೆಯಿಂದ ಹೇಳುತ್ತಿದ್ದೇನೆ. ವರ್ಷವಿಡೀ ಒಂದೇ ಮನೆಯಲ್ಲಿ ಇರಿಸದೆ ಎರಡು ಮೂರು ಮನೆಗಳಿಗೆ ಹಂಚುವುದು ಅಲ್ಲಿನ ವಾಡಿಕೆ. ಮಗುವನ್ನು ಸಾಕಿದ್ದಕ್ಕೆ ಯಾರಿಗೂ ಹಣ ಕೊಡುವುದಿಲ್ಲ. ಹಾಗಾಗಿ ಲೆಕ್ಕಾಚಾರದವರು ಈ ಕೆಲಸಕ್ಕೆ ಬರುವುದಿಲ್ಲ, ಅಭಿಮಾನದವರು ಬರುತ್ತಾರೆ. ತೊಂದರೆಯೂ ಅಲ್ಲೇ ಶುರು. ಅಭಿಮಾನ ಹೆಚ್ಚಾದ ಮನೆಯಲ್ಲಿ ಆ ಮಗುವಿಗೆ ತಟ್ಟೆ ಎತ್ತಲೂ ಬಿಡುವುದಿಲ್ಲ.

ಅತಿಥಿಯನ್ನು ದೇವರೆಂದು ಕಾಣುವುದು ಮೂರು ದಿನಕ್ಕೆ ಚೆನ್ನ. ನಾಲ್ಕು ತಿಂಗಳು ದೇವರಾಗಿ ಕೂರಬೇಕಾದ ಹುಡುಗಿಯ ಅವಸ್ಥೆ ಯೋಚಿಸು. ಮನೆಯವರೆಲ್ಲ ಓಡಾಡುತ್ತಿರುತ್ತಾರೆ, ಅವಳೊಬ್ಬಳು ಸೋಫಾದ ಮೇಲೆ ಕೈಕಟ್ಟಿ ನಗುತ್ತಿರಬೇಕು. ತಾನು ಇಲ್ಲಿಯವಳಲ್ಲ ಎಂದು ದಿನವೂ ಅವಳಿಗೆ ನೆನಪಿಸಲು ಬೇರೇನೂ ಬೇಕಿಲ್ಲ. ಎರಡನೆಯ ವಾರದಿಂದಲೇ ಒಂದು ಕೆಲಸ ಅವಳ ಪಾಲಿಗೆ ಬರಲಿ: ತಟ್ಟೆ ಲೋಟ ಇಡುವುದು, ಟೆರೇಸಿನ ಬಟ್ಟೆ ತಂದು ಮಡಚುವುದು, ಬೆಳಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತರುವುದು, ಏನಾದರೂ ಸರಿ. ಮರೆತರೆ ನಿನ್ನ ಮಗಳನ್ನು ಕೇಳುವ ದನಿಯಲ್ಲೇ ಅವಳನ್ನೂ ಕೇಳು. ಒಂದು ದಿನ ಅವಳು ಮುಖ ಊದಿಸಿಕೊಂಡರೆ ಸಂತೋಷಪಡು. ನೆಂಟರ ಮನೆಯಲ್ಲಿ ಯಾರೂ ಮುಖ ಊದಿಸುವುದಿಲ್ಲ.

ಊಟದ ವಿಷಯದಲ್ಲಿ ಖಾರದ ಚಿಂತೆ ಎಲ್ಲರಿಗೂ ಇರುತ್ತದೆ, ಸಮಯದ ಚಿಂತೆ ಯಾರಿಗೂ ಇರುವುದಿಲ್ಲ. ಜರ್ಮನಿಯ ಎಷ್ಟೋ ಮನೆಗಳಲ್ಲಿ ಸಂಜೆ ಆರು ಏಳಕ್ಕೆಲ್ಲ ರಾತ್ರಿಯೂಟ ಮುಗಿದಿರುತ್ತದೆ. ಅದೂ ಒಲೆ ಹಚ್ಚದ ಊಟ, ಬ್ರೆಡ್ಡು, ಚೀಸು, ಸೌತೆಕಾಯಿ. ನೀವು ಧಾರಾವಾಹಿ ಮುಗಿಸಿ ಒಂಬತ್ತೂವರೆಗೆ ಅನ್ನ ಬಡಿಸುವಷ್ಟರಲ್ಲಿ ಅವಳ ಹಸಿವು ಸತ್ತು, ನಿದ್ದೆ ಬಂದಿರುತ್ತದೆ. ಅವಳು ಎರಡು ತುತ್ತು ತಿಂದು ಏಳುತ್ತಾಳೆ, ಅಡುಗೆ ಹಿಡಿಸಲಿಲ್ಲವೆಂದು ನೀನು ಬೇಸರ ಮಾಡಿಕೊಳ್ಳುತ್ತೀ. ಸಂಜೆ ಆರಕ್ಕೆ ಒಂದು ಚಪಾತಿಯನ್ನೋ ಬಾಳೆಹಣ್ಣನ್ನೋ ಕೊಟ್ಟು ನೋಡು. ಇನ್ನು ನಮ್ಮ ಉಪಚಾರ! ನಮ್ಮಲ್ಲಿ ಮೊದಲ ಸಲದ ಬೇಡ ಬರೀ ಸಂಕೋಚ, ಎರಡನೆಯದು ಮರ್ಯಾದೆ, ಮೂರನೆಯದಕ್ಕೆ ಮಾತ್ರ ಅರ್ಥ ಇರುತ್ತದೆ. ಅವಳಿಗೆ ಆ ಲೆಕ್ಕ ಗೊತ್ತಿಲ್ಲ. ಒಮ್ಮೆ ಸಾಕು ಎಂದರೆ ಸಾಕು ಎಂದೇ. ಮೇಲಿಂದ ಸುರಿದ ಸಾರನ್ನು ತಟ್ಟೆಯಲ್ಲಿ ಬಿಡಲಾಗದೆ ಕಣ್ಣಲ್ಲಿ ನೀರು ತಂದುಕೊಂಡು ತಿನ್ನುತ್ತಾಳೆ. ಹಾಗೆಯೇ ನೀನು ಒಂದೇ ಸಲ ಕೇಳಿ ಸುಮ್ಮನಾದಾಗ ಅವಳು ಥಟ್ಟನೆ ಹ್ಞೂಂ ಎಂದರೆ ಹುಡುಗಿಗೆ ಸಂಕೋಚವೇ ಇಲ್ಲ ಎಂದು ನಿನ್ನ ಅತ್ತೆ ಗೊಣಗಬಾರದು.

ನಿಮ್ಮದು ಸಸ್ಯಾಹಾರದ ಮನೆ. ಮೊಟ್ಟೆಯೂ ಬರುವುದಿಲ್ಲ ಎಂಬುದನ್ನು ಅವಳು ವಿಮಾನ ಹತ್ತುವ ಮೊದಲೇ ಬರೆದು ತಿಳಿಸಿ. ಅವಳು ಒಪ್ಪಿ ಬಂದರೆ ದೂರುವುದಿಲ್ಲ. ಹೊರಗೆ ಗೆಳತಿಯರ ಜೊತೆ ಏನು ತಿಂದಳು ಎಂದು ನೀವು ವಿಚಾರಣೆ ನಡೆಸದಿದ್ದರೆ ಆಯಿತು.

ಅತ್ತೆಯ ಮಾತು ಬಂತಲ್ಲ, ಮಡಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಸ್ನಾನ ಆಗದೆ ದೇವರ ಮನೆಗೆ ಯಾರೂ ಹೋಗುವಂತಿಲ್ಲ ಎಂಬ ಒಂದು ನಿಯಮ ಸಾಕು, ಅದು ಎಲ್ಲರಿಗೂ ಒಂದೇ. ತಿಂಗಳ ದಿನಗಳನ್ನು ಕೇಳಿ ಆ ಹುಡುಗಿಯನ್ನು ಮೂಲೆಗೆ ಕೂರಿಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬೇರೆ ಮನೆ ನೋಡಿ ಎಂದು ಹೇಳಿಬಿಡುವುದು ವಾಸಿ. ಬಚ್ಚಲಿನಲ್ಲಿ ಚೊಂಬು, ಬಕೆಟ್ಟು, ಜೆಟ್ ಪೈಪು, ಗೀಸರ್ ಸ್ವಿಚ್ಚು ಎಲ್ಲವನ್ನೂ ಮೊದಲ ದಿನವೇ ನಾಚಿಕೊಳ್ಳದೆ ತೋರಿಸು. ಟಿಶ್ಯೂ ಪೇಪರಿನ ಒಂದು ಕಟ್ಟು ಇಟ್ಟಿರು, ತನ್ನಷ್ಟಕ್ಕೆ ಅದು ಕಡಿಮೆಯಾಗುತ್ತ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಹೊಸ್ತಿಲ ಮೇಲೆ, ದೇವರ ಮನೆಯ ಬಾಗಿಲ ಮೇಲೆ, ಅಂಗಡಿಯ ಲೆಕ್ಕದ ಪುಸ್ತಕದ ಮೇಲೆಲ್ಲ ಸ್ವಸ್ತಿಕ ಇದೆ. ಅವಳ ದೇಶದಲ್ಲಿ ನಾಜಿಗಳ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು ಅಪರಾಧ. ತಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಏನಾಯಿತು ಎಂಬುದನ್ನು ಶಾಲೆಯಲ್ಲಿ ತಲೆತಗ್ಗಿಸಿ ಓದಿಕೊಂಡು ಬಂದ ಮಗು ಅದು. ನಮ್ಮ ಸ್ವಸ್ತಿಕ ನಾಜಿಗಳಿಗಿಂತ ಬಹಳ ಹಳೆಯದು, ಮನೆಗೆ ಒಳ್ಳೆಯದಾಗಲಿ ಎಂದು ಬರೆಯುತ್ತೇವೆ ಎಂದು ಮೊದಲ ದಿನವೇ ಕೂರಿಸಿಕೊಂಡು ಎರಡು ಮಾತಿನಲ್ಲಿ ಹೇಳು. ವಾದಕ್ಕೆ ಇಳಿಯಬೇಡ. ಅದಕ್ಕಿಂತ ಕಷ್ಟ ನಮ್ಮ ನೆಂಟರದು. ಜರ್ಮನಿ ಎಂದ ಕೂಡಲೇ ಹಿಟ್ಲರನ ಹೆಸರೆತ್ತಿ, ಅದೂ ಮೆಚ್ಚುಗೆಯಿಂದ, ಎಂಥ ಶಿಸ್ತು ಎಂದು ಶುರುಮಾಡುವ ಒಬ್ಬ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಇರುತ್ತಾನೆ. ಅವಳಿಗೆ ಅದು ಹೊಗಳಿಕೆಯಲ್ಲ, ಹೊಡೆತ. ಅಂಥವರಿಗೆ ಮೊದಲೇ ಬಾಯಿಗೆ ಬೀಗ ಹಾಕಿಸುವುದು ನಿನ್ನ ಗಂಡನ ಕೆಲಸ.

ಜರ್ಮನಿಯ ಬಗ್ಗೆ ಮಾತಾಡಲೇಬೇಕಾದರೆ ಅಲ್ಲಿಂದ ಬಂದ ಕಿಟೆಲ್ ಬಗ್ಗೆ ಮಾತಾಡಲಿ. 1853ರಲ್ಲಿ ಬಾಸೆಲ್ ಮಿಶನ್ನಿಗೆಂದು ಕರ್ನಾಟಕಕ್ಕೆ ಬಂದಾಗ ಫರ್ಡಿನಾಂಡ್ ಕಿಟೆಲ್‌ಗೆ 21 ವರ್ಷ. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ನಿಮ್ಮ ಹುಡುಗಿ ನಿಘಂಟು ಬರೆಯಬೇಕಿಲ್ಲ, ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಕಲಿತರೆ ಸಾಕು. ಅದಕ್ಕೆ ಮನೆಯಲ್ಲಿ ಕನ್ನಡ ಕಿವಿಗೆ ಬೀಳಬೇಕು. ನಿನ್ನ ಮಗನ ಇಂಗ್ಲಿಷ್ ಸುಧಾರಿಸಲಿ ಎಂಬ ಆಸೆಯಿಂದ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡತೊಡಗಿದರೆ ಇಬ್ಬರಿಗೂ ನಷ್ಟ. ಇಂಗ್ಲಿಷ್ ಅವಳಿಗೂ ಶಾಲೆಯಲ್ಲಿ ಕಲಿತ ಭಾಷೆಯೇ, ಅವಳು ಬಿಟ್ಟಿ ಟ್ಯೂಷನ್ ಮೇಡಂ ಅಲ್ಲ.

ಬಾಗಿಲು ಮುಚ್ಚಿ ಕೂತರೆ ಕೋಪ ಬಂದಿದೆ ಎಂದು ತಿಳಿಯಬೇಡ. ಅವರ ಮನೆಗಳಲ್ಲಿ ಮುಚ್ಚಿದ ಬಾಗಿಲು ಸಾಮಾನ್ಯ, ತಟ್ಟಿ ಉತ್ತರ ಬಂದ ಮೇಲೆ ಒಳಗೆ ಹೋಗುವುದು ಅಲ್ಲಿನ ರೂಢಿ. ಅವಳ ಬಣ್ಣ, ಕೂದಲು, ತೂಕದ ಬಗ್ಗೆ ಬಂದವರೆಲ್ಲ ಎದುರಿಗೇ ಮಾತಾಡುವುದನ್ನು, ಕೆನ್ನೆ ಹಿಂಡುವುದನ್ನು, ಮದುವೆ ಮನೆಗಳಲ್ಲಿ ಸೆಲ್ಫಿಗೆ ಸಾಲು ನಿಲ್ಲುವುದನ್ನು ನೀನು ಅಡ್ಡ ನಿಂತು ತಡೆಯಬೇಕು. ಅವಳನ್ನು ಕೇಳದೆ ಅವಳ ಫೋಟೋ ನಿಮ್ಮ ವಾಟ್ಸ್ಆ್ಯಪ್ ಗುಂಪುಗಳಿಗೆ ಹೋಗಬಾರದು.

ಇನ್ನು ಜೀವದ ವಿಷಯ. ಜರ್ಮನಿ 2008ರಿಂದ ನಾಯಿ ನರಿಗಳ ರೇಬಿಸ್ ಇಲ್ಲದ ದೇಶ. ಅಲ್ಲಿನ ಮಕ್ಕಳಿಗೆ ಬೀದಿ ನಾಯಿಮರಿ ಕಂಡರೆ ಮುದ್ದು, ಭಯವಿಲ್ಲ. ಕಚ್ಚಿದರೆ ಮಾತ್ರವಲ್ಲ, ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬೈಸಿಕೊಳ್ಳುವ ಹೆದರಿಕೆಯಿಂದ ಅವಳು ಇದನ್ನು ಮುಚ್ಚಿಡದಂತೆ ಮೊದಲೇ ಹೇಳಿರು. ರಸ್ತೆ ದಾಟುವಾಗಲೂ ಅಷ್ಟೇ. ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಹಾಗಾಗಿ ರಸ್ತೆಗಿಳಿಯುವಾಗ ಅವಳ ಕತ್ತು ಮೊದಲು ಎಡಕ್ಕೆ ತಿರುಗುತ್ತದೆ, ನಮ್ಮ ಬಸ್ಸು ಬರುವುದು ಬಲದಿಂದ. ಮೊದಲ ವಾರ ಕೈ ಹಿಡಿದೇ ದಾಟಿಸಿ, ನಗುವವರು ನಗಲಿ. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಪರೀಕ್ಷೆ ಆಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡ.

ಬಿಯರ್ ಮಾತು ಬಂದರೆ ಗಾಬರಿಯಾಗಬೇಡ. ಅವಳ ದೇಶದಲ್ಲಿ 16 ತುಂಬಿದವರು ಬಿಯರ್, ವೈನ್ ಕೊಳ್ಳುವುದನ್ನು ಕಾನೂನೇ ಒಪ್ಪುತ್ತದೆ. ಆದರೆ ವಿನಿಮಯಕ್ಕೆ ಬರುವ ಮಕ್ಕಳಿಗೆ ಕುಡಿತ, ಮಾದಕ ವಸ್ತು, ವಾಹನ ಓಡಿಸುವುದು, ಪ್ರೇಮ ಪ್ರಕರಣ ನಾಲ್ಕೂ ಕೂಡದು ಎಂಬ ಷರತ್ತು ಮೊದಲೇ ಆಗಿರುತ್ತದೆ. ನಿನ್ನ ಮಗ ತನ್ನ ಸ್ಕೂಟರನ್ನು ಅವಳ ಕೈಗೆ ಕೊಡದಂತೆ ನೋಡಿಕೋ.

ರೋಟರಿ ಕ್ಲಬ್ಬಿನವರು ಬಂದು ಮನೆಯ ದೊಡ್ಡವರ ಹಿನ್ನೆಲೆ ವಿಚಾರಿಸುತ್ತಾರೆ. ಹುಡುಗಿಗೆ ನಿಮ್ಮ ಮನೆಗೆ ಸೇರದ ಒಬ್ಬ ಸಲಹೆಗಾರರ ನಂಬರು ಕೊಟ್ಟಿರುತ್ತಾರೆ. ನಿಮ್ಮ ಬಗ್ಗೆಯೇ ದೂರು ಹೇಳಲು ಅವಳಿಗೊಂದು ಜಾಗ ಬೇಕು, ಅದಕ್ಕೆ ಅವಮಾನ ಪಡುವುದೇನಿದೆ? ಪರವೂರಿನಿಂದ ಬಂದು ವಾರಗಟ್ಟಲೆ ಉಳಿಯುವ ಗಂಡು ನೆಂಟರನ್ನು ಆ ತಿಂಗಳುಗಳಲ್ಲಿ ಬೇರೆಡೆ ಇಳಿಸಿ. ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಆ ಮನೆಯವರು ಆನ್‌ಲೈನ್‌ನಲ್ಲಿ ತಿಳಿಸಬೇಕು, ಎಲ್ಲರೂ ಸಿ ಫಾರಂ ಎನ್ನುತ್ತಾರಲ್ಲ, ಅದು. 180 ದಿನಕ್ಕೂ ಹೆಚ್ಚಿನ ವೀಸಾ ಆದರೆ 14 ದಿನದೊಳಗೆ ನೋಂದಣಿ ಬೇರೆ. ಕ್ಲಬ್ಬಿನವರು ಮಾಡಿರುತ್ತಾರೆ ಎಂದು ಸುಮ್ಮನಿರದೆ ನಿನ್ನ ಗಂಡ ತಾನೇ ಕೇಳಿ ಖಚಿತಪಡಿಸಿಕೊಳ್ಳಲಿ.

ಗಣಪತಿ ಹಬ್ಬ, ದಸರೆ, ದೀಪಾವಳಿಗಳಲ್ಲಿ ಅವಳು ಕುಣಿದಾಡುತ್ತಾಳೆ. ನಮ್ಮ ಮನೆ ಎಷ್ಟು ಹಿಡಿಸಿತು ಎಂದು ನೀವು ಬೀಗುತ್ತೀರಿ. ನವೆಂಬರ್ ಕಳೆಯುತ್ತಿದ್ದಂತೆ ಅದೇ ಹುಡುಗಿ ಮಂಕಾಗುತ್ತಾಳೆ. ಸಾರಿನ ತಪ್ಪಲ್ಲ ಅದು. ನಾರ್ವೆಯ ಸಮಾಜವಿಜ್ಞಾನಿ ಸ್ವೆರ್ರೆ ಲಿಸ್‌ಗಾರ್ಡ್ ಅಮೆರಿಕದಲ್ಲಿ ಇದ್ದು ಬಂದ ತಮ್ಮ ದೇಶದವರನ್ನು ವಿಚಾರಿಸಿ 1955ರಲ್ಲೇ ಬರೆದರು: ಹೊಸದರಲ್ಲಿ ಎಲ್ಲ ಚೆನ್ನ, ನಡುವೆ ಮನಸ್ಸು ಕುಸಿಯುತ್ತದೆ, ಆಮೇಲೆ ಮತ್ತೆ ಏಳುತ್ತದೆ. ಎಲ್ಲರಿಗೂ ಅದು ಹಾಗೇ ಆಗುವುದಿಲ್ಲ ಎಂದು ನಂತರದವರು ತಕರಾರು ತೆಗೆದಿದ್ದಾರೆ, ಇರಲಿ. ನಾನು ಕಂಡ ಮಕ್ಕಳಿಗೆ ಡಿಸೆಂಬರ್ ಕಷ್ಟದ ತಿಂಗಳೇ. ಅವಳ ಊರಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಒಂದೊಂದೇ ಮೇಣದಬತ್ತಿ ಹೆಚ್ಚಿಸುತ್ತ ಹೋಗುತ್ತಾರೆ. ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ಒರೆಸಿ ಬಾಗಿಲ ಬಳಿ ಇಟ್ಟರೆ ಬೆಳಗ್ಗೆ ಅದರಲ್ಲಿ ಸಿಹಿ ಇರುತ್ತದೆ. ಉಡುಗೊರೆ ಬಿಚ್ಚುವುದು 25ಕ್ಕಲ್ಲ, 24ರ ಸಂಜೆ. ನಾಲ್ಕು ಮೇಣದಬತ್ತಿ, ಒಂದು ಹಿಡಿ ಚಾಕೊಲೇಟು ನಿಮಗೆ ಭಾರವಲ್ಲ. ಅವಳ ಮನೆಯವರೆಲ್ಲ ಚರ್ಚಿಗೆ ಹೋಗುವವರೋ ಅಲ್ಲವೋ ಕೇಳಿಕೋ, ಎಷ್ಟೋ ಜರ್ಮನ್ ಮನೆಗಳಲ್ಲಿ ಕ್ರಿಸ್‌ಮಸ್ ಉಂಟು, ಚರ್ಚಿಲ್ಲ. ಹಾಗೆಯೇ ನಿಮ್ಮ ಆರತಿಗೆ ಅವಳು ಕೈಮುಗಿಯಲೇಬೇಕೆಂಬ ಹಟವೂ ಬೇಡ.

ಅಳುತ್ತಿದ್ದರೆ ದಿನಕ್ಕೆ ಮೂರು ಸಲ ತಾಯಿಗೆ ಫೋನ್ ಮಾಡಿಸಬೇಡ, ಆ ದೂರದಲ್ಲಿ ಅವರೂ ಒದ್ದಾಡುತ್ತಾರೆ, ಇವಳ ಅಳು ಇನ್ನೂ ಹೆಚ್ಚುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡು. ಆದರೆ ಊಟ ನಿದ್ದೆ ಎರಡೂ ಬಿಟ್ಟರೆ ಕಾಯದೆ ಸಲಹೆಗಾರರಿಗೆ ಹೇಳಿ ವೈದ್ಯರ ಹತ್ತಿರ ಹೋಗಬೇಕು.

ನಿನ್ನ ಮಗಳನ್ನು ಮಾತ್ರ ಮರೆಯಬೇಡ. ತನ್ನ ಅಮ್ಮ ಇನ್ನೊಬ್ಬಳ ಜೊತೆ ಇಷ್ಟು ಮೆತ್ತಗೆ ಮಾತಾಡುವುದನ್ನು ಅವಳು ನೋಡುತ್ತಿರುತ್ತಾಳೆ. ತನಗೆ ಬೈಗುಳ, ಆ ಹುಡುಗಿಗೆ ಬಾದಾಮಿ ಹಾಲು ಎಂದಾದರೆ ಗೆಳೆತನ ಹುಟ್ಟುವುದಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡಮ್ಮ. ಈ ವಾರವೇ ಆ ಹುಡುಗಿಯ ಅಪ್ಪ ಅಮ್ಮನಿಗೆ ವಿಡಿಯೋ ಕರೆ ಮಾಡಿ. ಕೋಣೆ, ಬಚ್ಚಲು, ಅಡುಗೆಮನೆ, ಮನೆಯಲ್ಲಿರುವ ಪ್ರತಿಯೊಬ್ಬರ ಮುಖವನ್ನೂ ತೋರಿಸಿ. ಯಾವುದರ ಅಲರ್ಜಿ ಇದೆ, ಯಾವ ಮಾತ್ರೆ ನುಂಗುತ್ತಾಳೆ, ಯಾವ ಯಾವ ಚುಚ್ಚುಮದ್ದು ಆಗಿದೆ ಎಂದು ಬರೆದುಕೊಳ್ಳಿ. ಕಡಲೆಕಾಯಿ, ಗೋಡಂಬಿ ತಿನ್ನಬಹುದೋ ಎಂದು ಹೆಸರು ಹಿಡಿದು ಕೇಳಿ, ನಮ್ಮ ಒಗ್ಗರಣೆಯಲ್ಲಿ ಎರಡೂ ಇರುತ್ತವೆ.