ಟ್ರಂಕನ್ನು ಹಾಗೇ ಕೊಡು

ನಿಮ್ಮ ಅಜ್ಜನ ಕಾಗದಪತ್ರಗಳನ್ನು ವಿಶ್ವವಿದ್ಯಾಲಯಕ್ಕೆ ಕೊಡ್ತೀನಿ ಅಂದೆಯಂತೆ. ಒಳ್ಳೇ ಕೆಲಸ ಕಣಪ್ಪಾ. ನಮ್ಮ ಕೆರೆಬಿಳಚಿ ಕಡೆ ಇಂಥ ಟ್ರಂಕುಗಳು ಗುಜರಿಯವನ ತಕ್ಕಡಿ ಹತ್ತೋದೇ ಹೆಚ್ಚು. ಆದರೆ ಕೊಡೋ ಮೊದಲು ‘ಒಂಚೂರು ಚೊಕ್ಕ ಮಾಡ್ತೀನಿ’ ಅಂದೆಯಲ್ಲ, ಅಲ್ಲೇ ನನಗೆ ದಿಗಿಲು.

ಚೊಕ್ಕ ಮಾಡೋದು ಅಂದ್ರೆ ಸನ್ಮಾನದ ಫೋಟೋ, ಮಂತ್ರಿಗಳ ಪತ್ರ ಉಳಿಸಿ ಅರ್ಜಿ, ರಸೀದಿ, ಚುನಾವಣೆ ಖರ್ಚಿನ ಚೀಟಿಗಳನ್ನು ಒಲೆಗೆ ಹಾಕೋದು ತಾನೆ? ಮಂತ್ರಿ ಪತ್ರದ ಪ್ರತಿ ಸರ್ಕಾರದ ಕಡತದಲ್ಲೂ ಸಿಕ್ಕೀತು. ಸೂಳೆಕೆರೆ ನಾಲೆಯ ಕೊನೇ ಗದ್ದೆಗೆ ನೀರು ಮುಟ್ಟಿಲ್ಲ ಅಂತ ರೈತನೊಬ್ಬ ನೋಟ್‌ಬುಕ್ ಹಾಳೆ ಹರಿದು ಬರೆದ ಅರ್ಜಿ, ಅದರ ಅಂಚಿಗೆ ನಿಮ್ಮಜ್ಜ ಕೆಂಪು ಶಾಯಿಯಲ್ಲಿ ‘ಇಂಜಿನಿಯರಿಗೆ ಹೇಳಿದೆ, ಮತ್ತೆ ಹೇಳಬೇಕು’ ಅಂತ ಗೀಚಿದ್ದು, ಅದು ಬೇರೆಲ್ಲೂ ಸಿಗಲ್ಲ. ನಿಮ್ಮಜ್ಜನನ್ನು ಬೈದು ನಾನು ಬರೆದ ಕಾಗದವೂ ಆ ಟ್ರಂಕಿನಲ್ಲಿದೆ. ಅದನ್ನೂ ತೆಗೀಬೇಡ. ಆ ಬೈಗುಳ ನಾನಿನ್ನೂ ವಾಪಸ್ ತಗೊಂಡಿಲ್ಲ.

ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಗೆದ್ದು, ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದು ಎಲ್ಲರಿಗೂ ಗೊತ್ತು. ಸದನದ ಮಾತು ಹೇಗೋ ಅಚ್ಚಾಗುತ್ತೆ. ಸದನಕ್ಕೆ ಹೋಗೋ ಮುಂಚೆ ಯಾರು ಯಾರಿಗೆ ಏನು ಬರೆದರು, ಯಾರು ಬೇಡ ಅಂದರು ಅನ್ನೋದು ತಿಳಿಯೋದು ಮನೆ ಕಾಗದದಿಂದಲೇ. ದಿಲ್ಲಿಯ ತೀನ್ ಮೂರ್ತಿ ಗ್ರಂಥಾಲಯ ನಾಯಕರ ಖಾಸಗಿ ಪತ್ರಗಳನ್ನು ಸೇರಿಸಿಟ್ಟಿರೋದು ಇದಕ್ಕೇ. ನಿಮ್ಮಜ್ಜನಂಥವರನ್ನು ಹುಡುಕಿಕೊಂಡು ದಿಲ್ಲಿಯವರು ಬರಲ್ಲ, ನಾವೇ ನೋಡ್ಕೋಬೇಕು.

ಎಲ್ಲಿಗೆ ಕೊಡೋದು ಅಂದೆಯಾ? ಚನ್ನಗಿರಿ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಗೆ ಸೇರಿತು, ಪಟೇಲರೇ ಮುಖ್ಯಮಂತ್ರಿ ಆಗ. ನಿಮ್ಮಜ್ಜ 1987ರಲ್ಲಿ ಗೆದ್ದದ್ದು ಶಿವಮೊಗ್ಗ ಜಿಲ್ಲಾ ಪರಿಷತ್ತಿಗೆ. ಹಾಗಾಗಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಎರಡನ್ನೂ ನೋಡಿ ಬಾ. ಸಮಾರಂಭದ ಮಾತೆತ್ತಿದರೆ ನಕ್ಕು ಸುಮ್ಮನಿರು. ಪೆಟ್ಟಿಗೆ ಇಡೋ ಕೋಣೆ ತೋರಿಸಿ ಅನ್ನು, ಪಟ್ಟಿ ಮಾಡೋರು ಯಾರು ಅಂತ ಕೇಳು. ಅಲ್ಲಿಗರ್ಧ ಇಲ್ಲಿಗರ್ಧ ಅಂತ ಮಾತ್ರ ಹಂಚಬೇಡ. ಸರ್ಕಾರಿ ಕಡತದ ಅಸಲು ಹಾಳೆ ಏನಾದರೂ ಸಿಕ್ಕರೆ ಮೊದಲೇ ವಿಶ್ವವಿದ್ಯಾಲಯದವರಿಗೆ ತಿಳಿಸು, ಅದು ನಮ್ಮ ಮನೆ ಸ್ವತ್ತಲ್ಲ.

ಈಗಲೇ ಟ್ರಂಕನ್ನು ಅಟ್ಟದಿಂದ ಇಳಿಸಿ ಮಣೆ ಮೇಲಿಡು, ನೆಲಕ್ಕೆ ತಾಗಿದರೆ ಗೆದ್ದಲು. ಬಿಸಿಲಿಗೆ ಹರಡಬೇಡ, ಶಾಯಿ ಹಾರುತ್ತೆ. ಹರಿದದ್ದಕ್ಕೆ ಸೆಲ್ಲೋಟೇಪು ಬೇಡ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಅಜ್ಜ ಕಟ್ಟಿದ ಕಟ್ಟು ಬಿಚ್ಚಬೇಡ, ಯಾವ ಕಾಗದದ ಜೊತೆ ಯಾವುದಿತ್ತು ಅನ್ನೋದೂ ಒಂದು ಸುಳಿವು. ಫೋಟೋ ಹಿಂದೆ ಹೆಸರನ್ನು ಮೆತ್ತಗೆ ಪೆನ್ಸಿಲ್ಲಲ್ಲಿ ಬರೆ. ನಿನಗೆ ಯಾರ ಗುರುತೂ ಸಿಗಲ್ಲ, ನನ್ನ ಕರಿ, ನಾನಿರೋವಾಗಲೇ.

ಸಹಾಯ ಕೇಳಿ ಬಂದವರ ಕಾಯಿಲೆ, ಸಾಲ, ಗಂಡ-ಹೆಂಡಿರ ಜಗಳ ಎಲ್ಲ ಆ ಅರ್ಜಿಗಳಲ್ಲಿದೆ. ಬರೆದವರ ಮಕ್ಕಳು ಇದೇ ಊರಲ್ಲಿದ್ದಾರೆ. ಅವನ್ನು ಸುಡೋ ಬದಲು, ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ದಾನಪತ್ರದಲ್ಲೇ ಬರೆಸು. ಬೇಡದ್ದನ್ನು ಅವರು ಬಿಸಾಡದೆ ನಿಮಗೇ ವಾಪಸ್ ಕೊಡಬೇಕು ಅಂತಲೂ ಸೇರಿಸು. ಸಹಿ ಮಾಡೋ ದಿನ ನಿಮ್ಮ ಚಿಕ್ಕಪ್ಪನನ್ನೂ ಕರ್ಕೊಂಡು ಹೋಗು. ಮನೆ ಭಾಗ ಆದಾಗ ಆ ಟ್ರಂಕು ಯಾರ ಪಾಲಿಗೆ ಅಂತ ಯಾರೂ ಬರೆದುಕೊಂಡಿಲ್ಲ.