ಯಲಹಂಕ ನಾಡಿನ ಮನೆತನಗಳ ಜಾಡು

ಮನೆಯ ಹಿರಿಯರನ್ನು ಅವರ ತಂದೆಯ ಹೆಸರೇನೆಂದು ಕೇಳಿದರೆ ಒಡನೆಯೇ ಹೇಳುತ್ತಾರೆ. ತಾತನ ಹೆಸರನ್ನೂ ಹೇಳುತ್ತಾರೆ. ಮುತ್ತಾತನ ಹೆಸರಿಗೆ ಬಂದಾಗ ಕೊಂಚ ಯೋಚಿಸುತ್ತಾರೆ. ಅದಕ್ಕೂ ಹಿಂದಿನದನ್ನು ಬಲ್ಲವರು ವಿರಳ. ಹೀಗಿರುವಾಗ, ಐದಾರು ನೂರು ವರ್ಷಗಳ ಹಿಂದೆ ಹೊಸ ನೆಲಕ್ಕೆ ಬಂದು, ಕಾಡು ಕಡಿದು, ಕೆರೆ ಕಟ್ಟಿ, ಊರು ಮಾಡಿದ ಮನೆತನಗಳ ಪರಸ್ಪರ ಸಂಬಂಧವನ್ನು ಇಂದು ತಿಳಿಯುವುದು ಹೇಗೆ? ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ ನಾಡನ್ನೇ ಉದಾಹರಣೆಯಾಗಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ವಿಚಾರ ಮಾಡೋಣ. ವಿಷಯವು ಚರಿತ್ರೆಗೆ ಸೇರಿದ್ದಾದರೂ, ಸಾಕ್ಷ್ಯವನ್ನು ತೂಗಿ ನೋಡುವ ರೀತಿ ವಿಜ್ಞಾನದ್ದೇ ಆಗಿದೆ.

ಆವತಿಯಿಂದ ಹೊರಟ ಕವಲುಗಳು

ದೇವನಹಳ್ಳಿಯ ಸಮೀಪದಲ್ಲಿ ಆವತಿ ಎಂಬ ಗ್ರಾಮವಿದೆ. ಹದಿನಾಲ್ಕನೆಯ ಶತಮಾನದ ಕೊನೆಯ ಸುಮಾರಿಗೆ ಕಂಚಿಯ ಕಡೆಯಿಂದ ಕೆಲವು ಮೊರಸು ಒಕ್ಕಲಿಗ ಕುಟುಂಬಗಳು ಗಾಡಿಗಳಲ್ಲಿ ಹೊರಟು ಬಂದು ಇಲ್ಲಿ ನೆಲೆಸಿದವೆಂದೂ, ರಣಭೈರೇಗೌಡನು ಅವರ ಮುಂದಾಳಾಗಿದ್ದನೆಂದೂ ಪರಂಪರೆಯ ಹೇಳಿಕೆ. ಅವರ ಸಂತತಿಯವರು ಕಾಲಕ್ರಮದಲ್ಲಿ ಚದುರಿ ಬೇರೆ ಬೇರೆ ಊರುಗಳಲ್ಲಿ ಪಾಳೆಯಪಟ್ಟುಗಳನ್ನು ಸ್ಥಾಪಿಸಿದರು. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಸುಗಟೂರು ಇವುಗಳ ಪ್ರಭುಗಳ ಮೂಲವನ್ನು ಆವತಿಗೇ ಒಯ್ಯುತ್ತಾರೆ. ಜಯಗೌಡನು ಯಲಹಂಕಕ್ಕೆ ಬಂದನು. 1537ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡನು ಈತನ ಕವಲಿನವನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆವತಿಗೆ ಬಂದವರು ಏಳು ಮಂದಿ ಸೋದರರೆಂದು ಕೆಲವು ಕಥನಗಳು ಹೇಳಿದರೆ, ಏಳು ಕುಟುಂಬಗಳೆಂದು ಬೇರೆ ಕಥನಗಳು ಹೇಳುತ್ತವೆ. ಸೋದರರಾಗಿದ್ದರೆ ಈ ಎಲ್ಲ ಪಾಳೆಯಪಟ್ಟುಗಳೂ ಒಂದೇ ರಕ್ತದ ಕೊಂಬೆಗಳಾಗುತ್ತವೆ. ಕುಟುಂಬಗಳಾಗಿದ್ದರೆ ಅವು ಒಂದೇ ದಾರಿಯಲ್ಲಿ ಬಂದು, ಮದುವೆಗಳಿಂದ ಬೆಸೆದುಕೊಂಡ ಬೇರೆ ಬೇರೆ ಮರಗಳಾಗಬಹುದು. ಒಂದು ಪದದ ವ್ಯತ್ಯಾಸದಿಂದ ವಂಶವೃಕ್ಷದ ಆಕಾರವೇ ಬದಲಾಗುತ್ತದೆ.

ಸಾಕ್ಷ್ಯದ ದರ್ಜೆಗಳು

ಎಲ್ಲ ಸಾಕ್ಷ್ಯಗಳೂ ಸಮನಾದುವಲ್ಲ. ಘಟನೆ ನಡೆದ ಕಾಲದಲ್ಲಿಯೇ ಕೊರೆದ ಕಲ್ಲಿನ ಶಾಸನವೂ ತಾಮ್ರಪಟವೂ ಮೊದಲನೆಯ ದರ್ಜೆಯವು. ಆದರೂ ತಾಮ್ರಪಟಗಳಲ್ಲಿ ಕೃತಕವಾದುವು ಇರುವುದರಿಂದ ಲಿಪಿಯನ್ನೂ ಕಾಲವನ್ನೂ ಪರೀಕ್ಷಿಸಬೇಕು. ಊರಿನ ಶಾನುಭೋಗರೂ ಹಿರಿಯರೂ ಹೇಳಿ ಬರೆಯಿಸಿದ ಕೈಫಿಯತ್ತುಗಳು ಎರಡನೆಯ ದರ್ಜೆಯವು. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿಯು ಇಂಥವನ್ನು ವಿಪುಲವಾಗಿ ಸಂಗ್ರಹಿಸಿದನು. ಆವತಿಯ ವಲಸೆಗೂ ಆ ಸಂಗ್ರಹಕ್ಕೂ ನಡುವೆ ಸುಮಾರು 400 ವರ್ಷಗಳ ಅಂತರವಿದೆಯೆಂಬುದನ್ನು ಮರೆಯಲಾಗದು. ಬಾಯಿಂದ ಬಾಯಿಗೆ ಬಂದ ಕಥೆ ಮೂರನೆಯದು. ಅದು ಸುಳ್ಳೆಂದು ತಳ್ಳಿಹಾಕುವಂಥದಲ್ಲ. ಎಲ್ಲಿ ಹುಡುಕಬೇಕೆಂಬುದಕ್ಕೆ ಸುಳಿವು.

ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅವುಗಳನ್ನು ಓದುವಾಗ ಊರಿನ ಹೆಸರು ಮಾರ್ಪಡುವುದನ್ನು ನೆನಪಿಡಬೇಕು. ಚೋಳರ ತಮಿಳು ಶಾಸನಗಳಲ್ಲಿ ಯಲಹಂಕವು ‘ಇಲೈಪ್ಪಾಕ್ಕ ನಾಡು’ ಆಗಿದೆ. 2018ರಲ್ಲಿ ಬೆಳಕಿಗೆ ಬಂದ ಹೆಬ್ಬಾಳದ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಿಟ್ಟಯ್ಯನೆಂಬ ವೀರನ ಮರಣವನ್ನು ಹೇಳುವ ಈ ಕಲ್ಲಿನಲ್ಲಿ ‘ಪೆರ್ಬೊಳಲ್ ನಾಡು’ ಎಂದಿದೆ. ಪಕಾರವು ಹಕಾರವಾಗುವ ನಮ್ಮ ಭಾಷೆಯ ನಿಯಮವನ್ನು ಬಲ್ಲವರಿಗೆ ‘ಪೆರ್ಬೊಳಲ್’ ಎಂಬುದರಲ್ಲಿ ಹೆಬ್ಬಾಳವು ಕಾಣುತ್ತದೆ. ಆದರೆ ಊರು ಒಂದೇ ಎಂದ ಮಾತ್ರಕ್ಕೆ ಮನೆತನವೂ ಒಂದೇ ಎನ್ನಲಾಗದು. ಕಿಟ್ಟಯ್ಯನಿಗೂ ಯಲಹಂಕದ ಪ್ರಭುಗಳಿಗೂ ನಡುವೆ ಸುಮಾರು 700 ವರ್ಷಗಳಿವೆ. ಅವರನ್ನು ಕೂಡಿಸುವ ಕೊಂಡಿ ಯಾವುದೂ ಇಲ್ಲ.

ಸಂಬಂಧವಾಚಕ ಪದಗಳಲ್ಲಿಯೂ ಎಚ್ಚರಿಕೆ ಬೇಕು. ಶಾಸನಗಳಲ್ಲಿ ‘ಮನೆಮಗ’ ಎಂದರೆ ಹೆತ್ತ ಮಗನೆಂದೇ ಅರ್ಥವಲ್ಲ. ಒಡೆಯನ ಆಶ್ರಯದಲ್ಲಿ ಬೆಳೆದ ಸೇವಕನಿಗೂ ಆ ಮಾತು ಸಲ್ಲುತ್ತದೆ.

ಅರವತ್ತು ವರ್ಷಗಳ ತೊಡಕು

ಎಲ್ಲಕ್ಕಿಂತ ಕುತೂಹಲಕರವಾದ ತೊಡಕು ಕಾಲಗಣನೆಯದು. ಶಾಸನದಲ್ಲಿ ಶಕವರ್ಷವಿದ್ದರೆ ಅದಕ್ಕೆ 78ನ್ನು ಕೂಡಿಸಿದಾಗ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ ಮಾತ್ರ 79ನ್ನು ಕೂಡಿಸಬೇಕು. ಆದರೆ ಅನೇಕ ಶಾಸನಗಳಲ್ಲಿ ಶಕವರ್ಷವು ಸವೆದುಹೋಗಿ ಸಂವತ್ಸರದ ಹೆಸರಷ್ಟೇ ಉಳಿದಿರುತ್ತದೆ. ಸಂವತ್ಸರಗಳು ಅರವತ್ತು, ಅವು ಚಕ್ರದಂತೆ ತಿರುಗುತ್ತವೆ. 1537ರ ಯುಗಾದಿಯಂದು ಹೇವಿಳಂಬಿ ಸಂವತ್ಸರವು ಮೊದಲಾಯಿತು, 1597, 1657ರಲ್ಲಿ ಮೊದಲಾದುದೂ ಅದೇ, 2017ರಲ್ಲಿಯೂ ಅದೇ.

ಇದಕ್ಕೆ ನಮ್ಮ ನಾಮಕರಣದ ಪದ್ಧತಿಯನ್ನು ಸೇರಿಸಿ ನೋಡಿರಿ. ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಒಂದು ತಲೆಮಾರಿಗೆ ಸುಮಾರು 30 ವರ್ಷವೆಂದು ಹಿಡಿದರೆ ತಾತನಿಗೂ ಮೊಮ್ಮಗನಿಗೂ ಅಂತರ 60 ವರ್ಷ. ಎಂದರೆ ಹೆಸರಿನ ಆವರ್ತನೆಯೂ ಸಂವತ್ಸರದ ಆವರ್ತನೆಯೂ ಹೆಚ್ಚುಕಡಮೆ ಒಂದೇ ಆಗುತ್ತವೆ! ತಾತನ ಶಾಸನವನ್ನು ಮೊಮ್ಮಗನ ತಲೆಗೆ ಕಟ್ಟುವುದು ಎಷ್ಟು ಸುಲಭವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಲಹಂಕದ ಮನೆತನದಲ್ಲಿಯಂತೂ ಕೆಂಪೇಗೌಡನೆಂಬ ಹೆಸರು ಮತ್ತೆ ಮತ್ತೆ ಬಂದಿದೆ. ಹಿರಿಯ, ಇಮ್ಮಡಿ, ಮುಮ್ಮಡಿ ಎಂಬ ವಿಶೇಷಣಗಳಿಂದ ನಾವು ಅವರನ್ನು ಬೇರ್ಪಡಿಸುತ್ತೇವೆ. 2015ರಲ್ಲಿ ಮಾಗಡಿಯ ಬಳಿಯ ಕೆಂಪಾಪುರದ ಸಮಾಧಿಯು ಸುದ್ದಿಗೆ ಬಂದಾಗಲೂ, ಅದು ಯಾವ ಕೆಂಪೇಗೌಡನದೆಂಬ ಚರ್ಚೆ ಎದ್ದಿತು.

ತೊಡಕನ್ನು ಬಿಡಿಸುವುದಕ್ಕೆ ಉಪಾಯಗಳುಂಟು. ಶಾಸನದಲ್ಲಿ ಮಾಸ, ಪಕ್ಷ, ತಿಥಿಗಳ ಜೊತೆಗೆ ವಾರವನ್ನೂ ಹೇಳಿದ್ದರೆ, ಸಂದೇಹಕ್ಕೊಳಗಾದ ಎರಡು ವರ್ಷಗಳಲ್ಲಿಯೂ ಆ ತಿಥಿ ಯಾವ ವಾರ ಬಿದ್ದಿತೆಂಬುದನ್ನು ಗಣಿಸಬಹುದು. ತಪ್ಪು ವರ್ಷದಲ್ಲಿ ವಾರವು ಆಕಸ್ಮಿಕವಾಗಿ ಹೊಂದುವ ಸಂಭವ ಏಳರಲ್ಲಿ ಒಂದು ಮಾತ್ರ. ದತ್ತಿಯನ್ನು ಗ್ರಹಣಕಾಲದಲ್ಲಿ ಬಿಟ್ಟುದಾಗಿ ಹೇಳಿದ್ದರೆ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ. ಸೂರ್ಯಚಂದ್ರರ ಗತಿಯನ್ನು ಹಿಂದಕ್ಕೆ ಗಣಿಸಿ ಆ ದಿನ ಗ್ರಹಣವಿತ್ತೇ ಎಂದು ನಿರ್ಣಯಿಸಬಹುದು. ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಪಂಚಾಂಗ ಕೋಷ್ಟಕಗಳು ಈ ಕೆಲಸಕ್ಕೆ ಬಹುಕಾಲ ಆಧಾರವಾಗಿದ್ದುವು. ಈಗ ಗಣಕಯಂತ್ರವು ಅದನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ.

ತಲೆಮಾರಿನ ಅಳತೆಗೋಲು

ಪರಂಪರೆಯ ಪಟ್ಟಿಯೊಂದರಲ್ಲಿ ಕೆಂಪೇಗೌಡನ ತಂದೆ ಕೆಂಪನಂಜೇಗೌಡನ ಆಳ್ವಿಕೆ 1443ರಿಂದ 1513ರವರೆಗೆ, ಕೆಂಪೇಗೌಡನದು 1513ರಿಂದ 1569ರವರೆಗೆ ಎಂದಿದೆ. ತಂದೆ ಮಗ ಇಬ್ಬರೇ 126 ವರ್ಷ ಆಳಿದಂತಾಯಿತು. ಇದು ಸಾಧ್ಯವೇ? ಲೆಕ್ಕ ಹಾಕೋಣ. ತಂದೆ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದು 75ನೆಯ ವಯಸ್ಸಿನಲ್ಲಿ ತೀರಿಕೊಂಡನೆನ್ನೋಣ. ಅವನ 60ನೆಯ ವಯಸ್ಸಿನಲ್ಲಿ ಮಗ ಹುಟ್ಟಿದ್ದರೆ, ಆ ಮಗನು 15ರಲ್ಲಿ ಪಟ್ಟವೇರಿ 71ರವರೆಗೆ ಬದುಕಿರಬೇಕು. ಅಸಾಧ್ಯವಲ್ಲ, ಆದರೆ ಬಾಲ್ಯದಲ್ಲಿ ಪಟ್ಟ, ಮುಪ್ಪಿನಲ್ಲಿ ಪುತ್ರ, ಇಬ್ಬರಿಗೂ ದೀರ್ಘಾಯುಸ್ಸು ಈ ಮೂರೂ ಕೂಡಿ ಬರುವುದು ಅಪರೂಪ. ಆದಕಾರಣ, ನಡುವೆ ಒಂದು ಹೆಸರು ಬಿಟ್ಟುಹೋಗಿದೆಯೋ, ಒಂದೇ ಹೆಸರಿನ ಇಬ್ಬರು ಒಬ್ಬನಾಗಿ ಬೆಸೆದಿದ್ದಾರೆಯೋ, ಮೊದಲಿನ ವರ್ಷವೇ ಊಹೆಯೋ ಎಂದು ಕೇಳಲು ನಮಗೆ ಹಕ್ಕಿದೆ. ಉತ್ತರವನ್ನು ಗಣಿತ ಕೊಡಲಾರದು. ಎಲ್ಲಿ ಪ್ರಶ್ನಿಸಬೇಕೆಂಬುದನ್ನು ಮಾತ್ರ ತೋರಿಸುತ್ತದೆ. ಕೆಂಪೇಗೌಡನ ಹಿರಿಮೆಗೆ ಇದರಿಂದ ಯಾವ ಕುಂದೂ ಇಲ್ಲ.

ಬರೆಯದೆ ಉಳಿದ ಹೆಸರುಗಳು

ಅಮೆರಿಕದಲ್ಲಿ ಪಶ್ಚಿಮಕ್ಕೆ ಸಾಗಿ ಕಾಡುಗಳಲ್ಲಿ ನೆಲೆಸಿದ ಕುಟುಂಬಗಳ ಜಾಡನ್ನು ಹಿಡಿಯುವವರಿಗೆ ಜನಗಣತಿಯ ನೆರವಿದೆ. ಆದರೆ 1790ರಲ್ಲಿ ಪ್ರಾರಂಭವಾದ ಆ ಗಣತಿಯಲ್ಲಿ ಮೊದಮೊದಲು ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಗುಲಾಮರಲ್ಲದ ಪ್ರತಿಯೊಬ್ಬರ ಹೆಸರನ್ನೂ ಬರೆದದ್ದು 1850ರಲ್ಲಿ. ಗುಲಾಮರ ಹೆಸರು ಆಗಲೂ ಬರಲಿಲ್ಲ. ನಮ್ಮ ಶಾಸನಗಳದೂ ಅದೇ ಕಥೆ. ದಾನ ಕೊಟ್ಟವನ ಹೆಸರುಂಟು, ಪಡೆದವನ ಹೆಸರುಂಟು. ಕೆರೆಯ ಏರಿಗೆ ಮಣ್ಣು ಹೊತ್ತವರ ಹೆಸರಿಲ್ಲ. ಸೊಸೆಯಾಗಿ ಬಂದವಳ ತವರೂರು ಯಾವುದೆಂದು ಬರೆದಿರುವುದು ಅಪೂರ್ವ. ಆದರೆ ಎರಡು ಮನೆತನಗಳನ್ನು ಕೂಡಿಸುವ ಕೊಂಡಿ ಆಕೆಯೇ.

ಈ ನಷ್ಟದ ಗಾತ್ರವನ್ನು ಸಂಖ್ಯೆಯಿಂದ ತಿಳಿಯಬಹುದು. ಪ್ರತಿಯೊಬ್ಬರಿಗೂ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹೋದರೆ 16 ತಲೆಮಾರಿನ ಹಿಂದೆ, ಎಂದರೆ ಸುಮಾರು ಕೆಂಪೇಗೌಡನ ಕಾಲಕ್ಕೆ, ಪೂರ್ವಜರ ಸ್ಥಾನಗಳು 65,536 ಆಗುತ್ತವೆ. ತಂದೆಯ ತಂದೆಯ ತಂದೆಯೆಂದು ನಾವು ಹಿಡಿಯುವ ವಂಶವು ಅವುಗಳಲ್ಲಿ ಒಂದೇ ಒಂದು! ಮೂವತ್ತು ತಲೆಮಾರಿಗೆ ಆ ಸಂಖ್ಯೆ 107 ಕೋಟಿಯನ್ನು ಮೀರುತ್ತದೆ. 900 ವರ್ಷಗಳ ಹಿಂದೆ ಇಡೀ ಭೂಮಿಯ ಮೇಲೆಯೂ ಅಷ್ಟು ಜನರಿರಲಿಲ್ಲ. ಆದ್ದರಿಂದ ಒಬ್ಬನೇ ಪೂರ್ವಜನು ಅನೇಕ ಸ್ಥಾನಗಳಲ್ಲಿ ಬಂದಿರಲೇಬೇಕು. ಸುತ್ತಿನ ಕೆಲವೇ ಹಳ್ಳಿಗಳಲ್ಲಿ ಹೆಣ್ಣು ಕೊಟ್ಟು ತರುತ್ತಿದ್ದ ನಾಡಿನಲ್ಲಿ ಇದು ಇನ್ನೂ ನಿಜ. ಪ್ರಭುವಿನ ಮನೆತನ, ಒಕ್ಕಲಿನ ಮನೆತನ ಎಂದು ನಾವು ಬೇರೆ ಬೇರೆಯಾಗಿ ಎಳೆಯುವ ಗೆರೆಗಳು ಹಿಂದಕ್ಕೆ ಹೋದಂತೆಲ್ಲ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ‘ನಾವು ಇಂಥವರ ವಂಶದವರು’ ಎಂಬ ಹೆಮ್ಮೆಗೆ ಈ ಲೆಕ್ಕವು ಒಳ್ಳೆಯ ಪಥ್ಯ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

1638ರಲ್ಲಿ ಬೆಂಗಳೂರು ಬಿಜಾಪುರದ ವಶವಾಯಿತು. ಪ್ರಭುಗಳು ಮಾಗಡಿಗೆ ಸರಿದರು. 1728ರಲ್ಲಿ ಅದೂ ಮೈಸೂರಿಗೆ ಸೇರಿತು. ಅಧಿಕಾರ ಹೋದರೂ ಕಲ್ಲುಗಳು ಉಳಿದುವು. ಇಂದು ರಸ್ತೆಗೂ ಕಟ್ಟಡಕ್ಕೂ ನೆಲ ಅಗೆಯುವಾಗ ಅವು ಮುರಿಯುತ್ತಿವೆ, ಹೂತುಹೋಗುತ್ತಿವೆ. ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಬೆಂಗಳೂರು ಪ್ರದೇಶದ ಶಾಸನಗಳ ಮೇಲ್ಮೈಯನ್ನು ಬೆಳಕಿನ ನೆರವಿನಿಂದ ಮೂರು ಆಯಾಮಗಳಲ್ಲಿ ಅಳೆದು ದಾಖಲಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರದ ಆಳವೂ ಆ ಅಳತೆಯಲ್ಲಿ ಎದ್ದು ಬರುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ ಬರಿಗಣ್ಣಿಗೂ ಅಕ್ಷರಗಳು ಎಷ್ಟೋ ಸ್ಪಷ್ಟವಾಗುತ್ತವೆ.

ನಿಮ್ಮ ಊರಿನಲ್ಲಿ ಬರೆಹವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ ಬಳಿಯದಂತೆ, ಅದನ್ನು ಕದಲಿಸದಂತೆ ನೋಡಿಕೊಳ್ಳಿರಿ. ಚಿತ್ರ ತೆಗೆದು, ಇರುವ ಸ್ಥಳವನ್ನು ಗುರುತಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಮನೆಯಲ್ಲಿ ನಾಲ್ಕು ತಲೆಮಾರಿನ ಪಟ್ಟಿಯನ್ನು ಮಾಡಿರಿ. ಪ್ರತಿ ಹೆಸರಿನ ಮುಂದೆ ಅದು ದಾಖಲೆಯಿಂದ ತಿಳಿದದ್ದೋ, ಕೇಳಿ ತಿಳಿದದ್ದೋ, ಊಹೆಯೋ ಎಂದು ಬರೆಯಿರಿ. ಅಜ್ಜಿಯರ ಹೆಸರನ್ನೂ ಅವರ ತವರೂರನ್ನೂ ತಪ್ಪದೆ ಸೇರಿಸಿರಿ. ಅವನ್ನು ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳುವುದು ಮೇಲು.